‘ನೀ ನೋಡೀಯೇನು?’ ಎನ್ನುತ್ತಿದ್ದವರು

ಅವರ ಬಲಗೈ ಹೆಬ್ಬೆರಳಿಗೆ ಉಗುರು ಅರ್ಧವೇ ಇತ್ತು. ಹರೆಯದಲ್ಲಿ ಅಚ್ಚಿನ ಯಂತ್ರಕ್ಕೆ ಸಿಕ್ಕಿ ಹೋದದ್ದು. ನಾವು ಬರೆದುಕೊಟ್ಟ ಸುದ್ದಿಯ ಒಂದೊಂದು ಸಾಲಿನ ಕೆಳಗೂ ಆ ಬೆರಳನ್ನು ಹೇನು ಕುಕ್ಕುವವರ ಹಾಗೆ ಒತ್ತುತ್ತ ಓದುತ್ತಿದ್ದರು. ಬೆರಳು ಎಲ್ಲಾದರೂ ನಿಂತರೆ ಮುಂದಿನ ಪ್ರಶ್ನೆ ಗೊತ್ತೇ ಇರುತ್ತಿತ್ತು: “ನೀ ನೋಡೀಯೇನು?”

ಅರವತ್ತರ ದಶಕದ ಕೊನೆ. ನಾಸಿಕದ ಒಂದು ಮರಾಠಿ ದಿನಪತ್ರಿಕೆಯಲ್ಲಿ ನಾನು ಹೊಸಬ, ಅವರು ಸುದ್ದಿ ಸಂಪಾದಕರು. ನಮ್ಮ ಅಪ್ಪ ಉಡುಪಿ ಕಡೆಯಿಂದ ಬಂದು ಅಲ್ಲಿ ಹೋಟೆಲು ಇಟ್ಟಿದ್ದರು. ಅವರೋ ಬೆಳಗಾವಿ ಕಡೆಯ ಮರಾಠಿಗರು. ತಮ್ಮ ಊರು ಮೈಸೂರು ರಾಜ್ಯಕ್ಕೆ ಸೇರಿತೆಂಬ ಸಿಟ್ಟಿಗೆ ಮನೆ ಬಿಟ್ಟು ಬಂದವರು. ರಜೆಯ ದಿನ ಗಡಿಯ ಮೋರ್ಚಾಗಳಲ್ಲಿ ಎಲ್ಲರಿಗಿಂತ ಮುಂದೆ ನಿಂತು ಕೂಗುತ್ತಿದ್ದರು. ನನ್ನೊಡನೆ ಕನ್ನಡದಲ್ಲೂ ಮಾತಾಡುತ್ತಿದ್ದರು, ಬೈಯುವುದಕ್ಕೆ ಮಾತ್ರ. ಅವರನ್ನು ಕಂಡರೆ ನನಗಾಗುತ್ತಿರಲಿಲ್ಲ. ನನ್ನನ್ನು ಕಂಡರೆ ಅವರಿಗೂ.

ಶನಿವಾರ ಮಧ್ಯಾಹ್ನ ಹೊಸಬರಿಗೆ ಪಾಠ. ಬೆಳಗಾವಿ ಮಹಾರಾಷ್ಟ್ರಕ್ಕೆ ಯಾಕೆ ಸೇರಬೇಕೆಂದು ಬರೆಯಲು ಒಮ್ಮೆ ನನಗೆ ಹೇಳಿದರು. ಬೇಕೆಂದೇ ಜಾಳುಜಾಳಾಗಿ ಬರೆದೆ. ಹರಿದು ಎಸೆದರು. ಮೂರನೆಯ ಸಲ ಹರಿದಾಗ, “ನೀವು ನಮ್ಮ ಪರ ಬರೆದು ತೋರಿಸಿ” ಎಂದೆ. ಅಲ್ಲೇ ಕೂತು ಒಂದು ಪುಟ ಬರೆದರು. ಬೆಳಗಾವಿ ಮೈಸೂರಿನಲ್ಲೇ ಯಾಕಿರಬೇಕೆಂದು ನಾನು ಯಾವತ್ತೂ ಅಷ್ಟು ಚೆನ್ನಾಗಿ ಹೇಳಿರಲಿಲ್ಲ.

“ಎದುರಿನವ ಓದಿ, ಹೌದು ನಾ ಹೇಳೂದು ಇದನ, ಅನಬೇಕು. ಆಮ್ಯಾಲೆ ಬೇಕಾದ್ರ ಜಗಳಾಡು” ಎಂದರು.

ಕೆಲವೇ ವಾರಗಳಲ್ಲಿ ಒಂದು ಮೋರ್ಚಾ ನಮ್ಮ ಬೀದಿಗೇ ಬಂತು. ಹೋಟೆಲಿನ ಕನ್ನಡ ಬೋರ್ಡಿಗೆ ಡಾಂಬರು ಬಿತ್ತು. ಒಳಗೆ ನುಗ್ಗಿದವರ ಗಲಾಟೆಯಲ್ಲಿ ಅಡುಗೆ ಭಟ್ಟರ ಮುಂಗೈ ಸುಟ್ಟಿತು. ಭಟ್ಟರ ಮೇಲೆ ಕುದಿಯುವ ಸಾಂಬಾರು ಎರಚಿದರೆಂದು ಬರೆದುಕೊಟ್ಟೆ. ಬೆರಳು ನಿಂತಿತು.

“ನೀ ನೋಡೀಯೇನು?”

“ನೋಡಿದೆ” ಎಂದೆ. ನಾನು ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು.

“ಡಾಂಬರು ಹಚ್ಚಿದವನ್ನ ಕೇಳೀಯೇನು? ಇಲ್ಲ? ಹೋಗು. ಅವನ ಮಾತಿಲ್ಲದ ಇದು ಅಚ್ಚಾಗೂದಿಲ್ಲ.”

ಅವನು ಯಾರೆಂದು ಬೀದಿಗೆಲ್ಲ ಗೊತ್ತಿತ್ತು. ಹತ್ತಿರದ ನಿಫಾಡಿನ ದ್ರಾಕ್ಷಿ ತೋಟವೊಂದರಲ್ಲಿ ಕೂಲಿಗಳ ಮೇಸ್ತ್ರಿ. ಬಸ್ಸು ಹಿಡಿದು ಹೋದೆ. ಕೂರಲು ಹೇಳಲಿಲ್ಲ. ಮೈಸೂರಿಗೆ ಸೇರಿದ ಗಡಿಯ ಹಳ್ಳಿಗೆ ಕೊಟ್ಟಿದ್ದ ತಂಗಿಗೆ ತಾಲೂಕು ಕಚೇರಿಯಿಂದ ಬಂದಿದ್ದ ನೋಟೀಸನ್ನು ತಂದು ನನ್ನ ಎದೆಗೆ ಒತ್ತಿದ. ಅದು ಕನ್ನಡದಲ್ಲಿತ್ತು. ಓದಲಾಗದೆ ವಾಯಿದೆ ತಪ್ಪಿ ಅವಳ ಹೊಲ ದಾಯಾದಿಗಳ ಪಾಲಾಗಿತ್ತು. ನಾನು ಸಾಲು ಸಾಲಾಗಿ ಓದಿ ಮರಾಠಿಯಲ್ಲಿ ಹೇಳಿದೆ. ಹದಿನೈದು ದಿನದೊಳಗೆ ಹೋಗಿ ಒಂದು ಹೇಳಿಕೆ ಕೊಟ್ಟಿದ್ದರೆ ಸಾಕಿತ್ತು.

“ಇಷ್ಟೇ ಇತ್ತೇ?” ಎಂದ. ಆಮೇಲೆ, “ಬೋರ್ಡು ಮತ್ತೆ ಬರೆಸಿದರೆ ಮತ್ತೆ ಬಳಿಯುತ್ತೇನೆ. ಅದನ್ನೂ ಬರೆದುಕೋ” ಎಂದ. ಬರೆದುಕೊಂಡೆ.

ಸುದ್ದಿ ಅಚ್ಚಾದ ದಿನ ಹತ್ತು ಹನ್ನೆರಡು ಜನ ಕಚೇರಿಗೆ ನುಗ್ಗಿದರು. ಎಲ್ಲರೂ ಸುದ್ದಿ ಸಂಪಾದಕರ ಮೋರ್ಚಾದ ಜೊತೆಗಾರರು. ಸಂಪಾದಕರು ನನ್ನನ್ನು ತೋರಿಸಿ, “ಬರೆದವನು ಅಗೋ. ಯಾವ ಸಾಲು ತಪ್ಪು, ಹೇಳಿ” ಎಂದು, ನನ್ನನ್ನು ನಿಲ್ಲಿಸಿ ಇಡೀ ಸುದ್ದಿ ಓದಿಸಿದರು. ಸಾಂಬಾರಿನ ಸಾಲು ಬಂದಾಗ ಒಬ್ಬ, “ಯಾರೂ ಎರಚಲಿಲ್ಲ, ತಳ್ಳಾಟದಲ್ಲಿ ಪಾತ್ರೆ ಉರುಳಿತು” ಎಂದ. ಉಳಿದ ಯಾವ ಸಾಲನ್ನೂ ಅಲ್ಲಗಳೆಯಲಾಗದೆ, ಹೋಗುವಾಗ ಬಾಗಿಲ ಗಾಜು ಒಡೆದು ಹೋದರು.

ಸುದ್ದಿ ಸಂಪಾದಕರು ಅಲ್ಲಿಂದ ನೇರ ಭಟ್ಟರ ಹತ್ತಿರ ಹೋದರು. ಪಾತ್ರೆ ಉರುಳಿದ್ದೇ ನಿಜವೆಂದು ಭಟ್ಟರೂ ಹೇಳಿದರು. ತಿದ್ದುಪಡಿಯನ್ನು ನನ್ನ ಕೈಯಿಂದಲೇ ಬರೆಸಿದರು.

“ಇದೊಂದು ಸುಳ್ಳು ಹಿಡಕೊಂಡು ನಾಳೆ ಭಟ್ಟನ ಸುಟ್ಟ ಕೈನೂ ಸುಳ್ಳು ಅಂತಾರ. ಅವಗ ನೀ ಮಾಡಿದ್ದು ಉಪಕಾರ ಅಲ್ಲಲೇ.”

ಮನೆಯಲ್ಲಿ ಅಪ್ಪ ತಿದ್ದುಪಡಿ ಬಂದ ಪತ್ರಿಕೆ ಮಡಚಿಟ್ಟು, “ಕೈ ಸುಟ್ಟದ್ದು ನಮ್ಮವರದ್ದು. ನೀನು ಸಾಕ್ಷಿ ಹೇಳಿದ್ದು ಅವರಿಗಾ?” ಎಂದರು. ಅನೇಕ ತಿಂಗಳು ನನ್ನೊಡನೆ ಮಾತಾಡಲಿಲ್ಲ.

ನಾನು ಆ ಕೆಲಸ ಬಿಟ್ಟು ಈಗ ಸಂಭಾಜಿನಗರವೆನ್ನುವ ಔರಂಗಾಬಾದಿನ ಇನ್ನೊಂದು ಪತ್ರಿಕೆಗೆ ಹೋದೆ. ಸುದ್ದಿ ಸಂಪಾದಕರಿಗೆ ಹೇಳಿಯೂ ಹೋಗಲಿಲ್ಲ. ಅಲ್ಲಿ ಎರಡು ಮೊಹಲ್ಲಾಗಳ ನಡುವೆ ಕಿಡಿ ಹಾರಿದಾಗಲೆಲ್ಲ ಎರಡೂ ಕಡೆ ಹೋಗಿ ಕೇಳಿ ಬರೆದೆ. ನೋಡದ್ದನ್ನು ನೋಡಿದೆನೆಂದು ಮತ್ತೆಂದೂ ಬರೆಯಲಿಲ್ಲ. ಅದು ಅವರಿಂದ ಬಂದದ್ದೆಂದು ಒಪ್ಪಿಕೊಳ್ಳಲು ಈಗಲೂ ಮನಸ್ಸಿಗೆ ಕಷ್ಟ.

ಎಪ್ಪತ್ತರ ದಶಕ ಮುಗಿಯುವ ಮುಂಚೆ ಅವರು ತೀರಿಕೊಂಡರು. ನಾನು ಬರೆದ ಶ್ರದ್ಧಾಂಜಲಿಯಲ್ಲಿ ಅವರು ಕಲಿಸಿದ್ದನ್ನು ಹೇಳಿದೆ; ಅವರ ಕಾಟ ತಡೆಯದೆ ಇಬ್ಬರು ಈ ಕಸುಬನ್ನೇ ಬಿಟ್ಟರೆಂದೂ ಹೇಳಿದೆ. ಒಂದು ವಾರದಲ್ಲಿ ಅವರ ಮಗ ನಾಸಿಕದಿಂದ ನಮ್ಮ ಕಚೇರಿಗೆ ಬಂದ. ಜಗಳಕ್ಕೇ ಬಂದನೆಂದು ಎದ್ದು ನಿಂತೆ.

“ಒಂದು ತಪ್ಪಿದೆ, ಸಾಹೇಬ್” ಎಂದು ಮರಾಠಿಯಲ್ಲಿ ಮೆಲ್ಲನೆ ಹೇಳಿದ. “ಬಿಟ್ಟವರು ಇಬ್ಬರಲ್ಲ, ಮೂವರು. ನೀವು ಬರುವ ಮುಂಚೆ ನಾನೂ ಅವರ ಕೈಕೆಳಗೆ ಎಂಟು ತಿಂಗಳು ಇದ್ದೆ.”

ಕುರ್ಚಿ ಎಳೆದು ಕೊಟ್ಟೆ. ಸಂಜೆಯವರೆಗೆ ಇಬ್ಬರೂ ಕೂತು ಅವರನ್ನು ಮನಸಾರೆ ಬೈದೆವು.