ಅಮ್ಮನ ಮಂಚದ ಹಸಿರು ಬಣ್ಣ

ಅಮ್ಮ ಹೋದ ಮೇಲೆ ವಿಜಯನಗರದ ಮನೆಯಲ್ಲಿ ನಾನೊಬ್ಬಳೇ ಉಳಿದೆ. ಮಕ್ಕಳಿಗೆ ಪಾಠ ಹೇಳಿ ಸಂಜೆ ಶಾಲೆಯಿಂದ ಬಂದು ಬೀಗ ತೆಗೆದರೆ ಬೆಳಿಗ್ಗೆ ಕಾಫಿ ಕುಡಿದ ಲೋಟ ಇಟ್ಟಲ್ಲೇ ಇರುತ್ತಿತ್ತು. ರಜೆಯ ದಿನ ಹೊತ್ತೇ ಹೋಗುತ್ತಿರಲಿಲ್ಲ. ಒಂದು ಭಾನುವಾರ, ಅಮ್ಮನ ಮರದ ಮಂಚದ ಹಸಿರು ಬಣ್ಣ ತೆಗೆದು ಪಾಲಿಶ್ ಮಾಡಿ ನಾನೇ ಅದರಲ್ಲಿ ಮಲಗೋಣ ಎಂದುಕೊಂಡೆ.

ಪೇಂಟ್ ಅಂಗಡಿಯವನು ಬಣ್ಣ ಬಿಡಿಸುವ ದ್ರಾವಣದ ಡಬ್ಬಿ ಕೊಟ್ಟು, "ಗ್ಲೌಸ್ ಹಾಕ್ಕೊಳ್ಳಿ ಮೇಡಂ, ಕೈ ಉರಿಯುತ್ತೆ" ಅಂದ. ಅದರ ಆವಿ ಉಸಿರಿಗೆ ಹೋದರೇನು ಎಂಬ ಮಾತು ಅವನು ಎತ್ತಲಿಲ್ಲ, ನನಗೂ ಹೊಳೆಯಲಿಲ್ಲ. ಪಕ್ಕದ ಸೈಟಿನಲ್ಲಿ ಮನೆ ಕಟ್ಟುತ್ತಿದ್ದರು. ಸಿಮೆಂಟಿನ ಧೂಳು ಬರುತ್ತದೆಂದು ಕೋಣೆಯ ಕಿಟಕಿ ಮುಚ್ಚಿಯೇ ಇಟ್ಟಿದ್ದೆ.

ದ್ರಾವಣ ಹಚ್ಚಿದ ಕಡೆಯೆಲ್ಲ ಬಣ್ಣ ಹಪ್ಪಳದಂತೆ ಉಬ್ಬಿತು. ಕೆರೆದರೆ ಹಸಿರಿನಡಿ ನೀಲಿ, ನಾನು ಚಿಕ್ಕವಳಿದ್ದಾಗಿನ ನೀಲಿ. ಬಹಳ ದಿನಗಳ ಮೇಲೆ ಖುಷಿಯಾಯಿತು. ವಾಸನೆ ಅಷ್ಟೇನೂ ಘಾಟಾಗಿರಲಿಲ್ಲ, ಸಿಹಿಸಿಹಿಯಾಗಿತ್ತು. ತಲೆ ಭಾರವಾದಾಗ ಊಟ ಮಾಡಿಲ್ಲವಲ್ಲ, ಅದಕ್ಕೇ ಇರಬೇಕೆಂದುಕೊಂಡೆ. ಆಮೇಲೆ ಯಾಕೋ ನಗು ಬಂತು. ಏಳಲು ಹೋದರೆ ಕಾಲು ನಿಲ್ಲಲಿಲ್ಲ. ಮಂಚಕ್ಕೆ ಒರಗಿ ಕೂತೆ. ಹಾಗೇ ನಿದ್ದೆ ಹೋದರೆ ಹಿತ ಎನ್ನಿಸಿತು.

ಅಷ್ಟರಲ್ಲಿ ಮೈಸೂರಿನಿಂದ ಅಕ್ಕನ ಫೋನ್ ಬಂತು.

"ಯಾಕೆ ಮಾತು ತೊದಲ್ತಾ ಇದೆ? ಏನ್ ಮಾಡ್ತಿದೀಯ?"

"ಮಂಚದ ಬಣ್ಣ ತೆಗೀತಿದೀನಿ... ಕಿಟಕಿ ಹಾಕಿದೆ... ವಾಸನೆ..."

"ಮೊದ್ಲು ಹೊರಗೆ ಹೋಗೇ. ಫೋನ್ ಇಡ್ಬೇಡ. ತೆವಳ್ಕೊಂಡಾದ್ರೂ ಹೋಗು."

ತೆವಳಿಕೊಂಡೇ ಹೋದೆ. ಹೊರಗಿನ ಮೆಟ್ಟಿಲ ಮೇಲೆ ವಾಂತಿಯಾಯಿತು. ಮಹಡಿ ಮನೆಗೆ ಹೊಸದಾಗಿ ಬಂದಿದ್ದ ಹೆಂಗಸು ಇಳಿದು ಬಂದು, ಆಟೋ ಹಿಡಿದು ಆಸ್ಪತ್ರೆಗೆ ಕರೆದೊಯ್ದಳು.

ಅಲ್ಲಿ ಆಕ್ಸಿಜನ್ ಹಾಕಿದರು. ಡಾಕ್ಟರು ಹೇಳಿದರು: "ಮುಚ್ಚಿದ ರೂಮಲ್ಲಿ ಆ ಬಣ್ಣ ಬಿಡಿಸೋ ದ್ರಾವಣದ ಆವಿ ಜೀವ ತೆಗೆಯುತ್ತೆ. ಹಾರ್ಟ್‌ಗೂ ತೊಂದ್ರೆ ಆಗ್ಬಹುದು, ನೋಡ್ಕೋತಾ ಇರ್ಬೇಕು. ಮನೇಲಿ ಯಾರಿದಾರೆ?"

"ಯಾರೂ ಇಲ್ಲ."

"ಹಾಗಿದ್ರೆ ಇವತ್ತು ಇಲ್ಲೇ ಇರಿ."

ಮಹಡಿಯ ಹೆಂಗಸು ಮಕ್ಕಳಿಗೆ ಅಡುಗೆಯಾಗಬೇಕೆಂದು ಹೊರಟಳು. ಅವಳು ಹೋದ ಮೇಲೆ, ಹೆಸರು ಕೇಳಲಿಲ್ಲವಲ್ಲ ಎಂದು ನೆನಪಾಯಿತು.

ಮಾರನೆಯ ದಿನ ಅಕ್ಕ ಬಂದಳು. ಡಬ್ಬಿಯನ್ನು ಮನೆಯಿಂದಾಚೆ ಹಾಕಿ, ಒಂದು ವಾರ ಜೊತೆಗಿದ್ದು, ತನ್ನ ಸಂಸಾರಕ್ಕೆ ಮರಳಿದಳು. ಅರ್ಧ ಹಸಿರು, ಅರ್ಧ ನೀಲಿಯಾಗಿ ಉಳಿದ ಆ ಮಂಚದಲ್ಲೇ ಈಗ ಮಲಗುತ್ತೇನೆ. ಅಕ್ಕ ದಿನವೂ ಸಂಜೆ ಫೋನ್ ಮಾಡಿ, ನನ್ನ ದನಿ ಸರಿಯಿದೆಯೇ ಎಂದು ಕೇಳಿಸಿಕೊಳ್ಳುತ್ತಾಳೆ. ರಜೆಯ ದಿನವಾದರೆ, ಫೋನಿನಲ್ಲಿ ಅವಳಿಗೆ ಹೇಳುವ ಮಾತೇ ಅಂದು ನನ್ನ ಬಾಯಿಂದ ಬರುವ ಮೊದಲ ಮಾತು.