ನಡುಹಗಲ ಕತ್ತಲಿಗೆ ಬಸ್ಸು ಹೊರಡಿಸುವ ಭಾಗ್ಯ

ಭಾನುವಾರದ ಬೆಳಗು ಇನ್ನೂ ಹಾಸಿಗೆ ಬಿಟ್ಟಿಲ್ಲ. ಶಂಕರಪುರಂನ ಶಾಲೆಯೊಂದರ ಬಯಲಿನಲ್ಲಿ ಮಿನಿ ಬಸ್ಸೊಂದು ಗೇಟಿನ ಕಡೆಗೆ ಮೂತಿ ಮಾಡಿಕೊಂಡು ನಿಂತಿದೆ. ಅದರ ಬಾಗಿಲ ಸರಳಿಗೆ ಕಟ್ಟಿದ ನಾರಿನ ಹಗ್ಗ ಬಯಲನ್ನು ದಾಟಿ ಆಚೆ ತುದಿಯ ಬಾಸ್ಕೆಟ್‌ಬಾಲ್ ಕಂಬವನ್ನು ಸೇರಿದೆ. ಹಗ್ಗ ಹಿಡಿದು ಸಾಲಾಗಿ ನಿಂತವರು ಬಹುಪಾಲು ನಿವೃತ್ತರು. ಸ್ವೆಟರು, ಮಂಕಿ ಟೋಪಿ, ಮಡಿಸಿ ಹೊದ್ದ ಶಾಲು. ಎಲ್ಲರ ಕಣ್ಣಿಗೂ ಬಿಳಿ ಬಟ್ಟೆ ಬಿಗಿದಿದೆ. ಯಾರೂ ಉಸಿರೆತ್ತುತ್ತಿಲ್ಲ.

ಗೇಟಿನಾಚೆ ವಾಕಿಂಗಿಗೆ ಬಂದವರೊಬ್ಬರ ನಾಯಿ ಇದನ್ನು ನೋಡಿ ಅಲ್ಲೇ ಕುಕ್ಕರಿಸಿಬಿಟ್ಟಿದೆ. ಸರಪಳಿ ಎಳೆದರೂ ಏಳುತ್ತಿಲ್ಲ.

“ಏನ್ರೀ ಇದು? ಪ್ರೇತಗಳಿಗೆ ಪಿ.ಟಿ. ಕ್ಲಾಸಾ?”

“ಈಜಿಪ್ಟಿಗೆ ಹೋಗೋರು ಸಾರ್, ಗ್ರಹಣ ನೋಡಕ್ಕೆ,” ಎಂದು ಡ್ರೈವರ್ ಸೀಟಿನಿಂದ ಅಮರ್ ಕೂಗುತ್ತಾನೆ. “ನೀವೂ ಬರ್ತೀರಾ?”

“ನಮ್ ಗ್ರಹಚಾರನೇ ನೋಡಿ ಮುಗೀತಿಲ್ಲ, ಇನ್ನು ಗ್ರಹಣ ಬೇರೆ!” ಎನ್ನುತ್ತ ಅವರು ನಾಯಿಯನ್ನು ಎತ್ತಿಕೊಂಡೇ ನಡೆಯುತ್ತಾರೆ.

ಬಸ್ಸಿನ ಬಾಗಿಲಲ್ಲಿ ನಿಂತಿರುವ ಹೆಂಗಸು ಅಮರನ ಅಕ್ಕ ಭಾಗ್ಯ. ಕಾಟನ್ ಸೀರೆ, ಕಾಲಿಗೆ ಸ್ಪೋರ್ಟ್ಸ್ ಶೂ, ಕೊರಳಲ್ಲಿ ಕಂಡಕ್ಟರ್ ಸೀಟಿ. ಬಗೆಬಗೆಯ ಭಾಗ್ಯಗಳನ್ನು ಕಂಡ ರಾಜ್ಯ ನಮ್ಮದು. ಆದರೆ ಹಾಡುಹಗಲಲ್ಲಿ ಕತ್ತಲೆಯನ್ನು ಒದಗಿಸುವ ಭಾಗ್ಯ ಇವರೊಬ್ಬರೇ ಇರಬೇಕು. ಮುಂದಿನ ವರ್ಷ ಆಗಸ್ಟ್ ಎರಡರಂದು ಲಕ್ಸರ್ ಪಟ್ಟಣದ ನೆತ್ತಿಯ ಮೇಲೆ ಸೂರ್ಯ ಆರು ನಿಮಿಷಕ್ಕೂ ಮೀರಿ ಪೂರ್ತಿ ಮರೆಯಾಗುತ್ತಾನೆ. ಬಸವನಗುಡಿ, ಚಾಮರಾಜಪೇಟೆಗಳ ಒಂದು ತಂಡವನ್ನು ಆ ನೆರಳಿನೊಳಗೆ ಇಳಿಸಿ ಮತ್ತೆ ಹತ್ತಿಸಿಕೊಂಡು ಬರುವ ಹೊಣೆ ಭಾಗ್ಯ ಅವರದು. ಇವತ್ತು ಅದರ ತಾಲೀಮು. ಸೀಟಿ ಊದಿದಾಗ ಕತ್ತಲೆ ಶುರು, ಮತ್ತೆ ಊದಿದಾಗ ಮುಕ್ತಾಯ. ಅಲ್ಲಿಯವರೆಗೆ ಹಗ್ಗ ಬಿಡಬಾರದು.

ಸಾಲಿನ ಕೊನೆಯಲ್ಲಿ, ಕಂಬದ ಪಕ್ಕ, ಎಂಬತ್ತು ದಾಟಿದ ಜಾನಕಮ್ಮ ಇದ್ದಾರೆ. ಅವರ ಪ್ರಯಾಣ ಇನ್ನೂ ಗಟ್ಟಿಯಾಗಿಲ್ಲ. ಅವರು ಹಗ್ಗ ಬಿಡದಿದ್ದರೆ ಈಜಿಪ್ಟ್, ಬಿಟ್ಟರೆ ಮನೆ. ಮಗ ರಾಮಾನುಜ ಮತ್ತು ಭಾಗ್ಯ ಹೀಗೆಂದು ಒಪ್ಪಂದ ಮಾಡಿಕೊಂಡಿದ್ದಾರೆ. ರಾಮಾನುಜ ಶಾಲೆಯ ಮೆಟ್ಟಿಲ ಮೇಲೆ ಫ್ಲಾಸ್ಕ್ ತಬ್ಬಿಕೊಂಡು ಕೂತಿದ್ದಾರೆ.

“ಬಿಟ್ಟುಬಿಡ್ಲಿ ಅಂತಾನೇ ಕಾಯ್ತಿದೀನಿ ನಾನು,” ಎನ್ನುತ್ತಾರೆ, ತಾಯಿಗೆ ಕೇಳಿಸದ ದನಿಯಲ್ಲಿ.

“ಕೇಳಿಸ್ತು ಕಣೋ,” ಎನ್ನುತ್ತಾರೆ ಜಾನಕಮ್ಮ.

ಭಾಗ್ಯ ಸೀಟಿ ಊದುತ್ತಾರೆ. ಕತ್ತಲೆ ಶುರು.

ಚಾಮರಾಜಪೇಟೆಯಲ್ಲಿ ಹಿಟ್ಟಿನ ಗಿರಣಿಯ ಪಕ್ಕ, ಮೆಟ್ಟಿಲ ಕೆಳಗಿನ ಜಾಗದಲ್ಲಿ ಭಾಗ್ಯ ಅವರ ಆಫೀಸು. ಒಳಗೆ ಹೋದವರು ತಲೆ ತಗ್ಗಿಸಲೇಬೇಕು, ವಿನಯದಿಂದಲ್ಲ, ಮೆಟ್ಟಿಲು ತಗಲುವ ಭಯದಿಂದ. ದಿನನಿತ್ಯದ ಕೆಲಸ ಧರ್ಮಸ್ಥಳ, ತಿರುಪತಿ, ಮದುವೆ ದಿಬ್ಬಣ, ಶಾಲೆಯ ಪ್ರವಾಸ. ಬೆಳಗಿನ ಜಾವ ಗಾಡಿಗಳನ್ನು ಕಳಿಸಿ, ರಾತ್ರಿ ಕೊನೆಯ ಗಾಡಿ ಬಂದ ಮೇಲೆ ಬಾಗಿಲು ಹಾಕುತ್ತಾರೆ. ಗ್ರಹಣ ಬರುವುದು ಅಪರೂಪಕ್ಕೆ. ಕಂಕಣ ಗ್ರಹಣಕ್ಕೆಂದು ಧನುಷ್ಕೋಟಿಗೂ ಕೊಡಗಿನ ಕುಟ್ಟಕ್ಕೂ ಜನರನ್ನು ಕರೆದೊಯ್ದಿದ್ದಾರೆ. “ಅದ್ರಲ್ಲಿ ಬೆಳಕು ಸ್ವಲ್ಪ ಸಪ್ಪೆ ಆಗುತ್ತೆ ಅಷ್ಟೇ. ಪೂರ್ತಿ ಗ್ರಹಣ ಬೇರೆ. ಅದು ಬರೋದು ಗೊತ್ತಾಗುತ್ತೆ, ಯಾರೋ ಬಂದ ಹಂಗೆ.”

ಈ ಕೆಲಸ ತಂದೆಯಿಂದ ಬಂದದ್ದು. ತಂದೆ ದೇವಯ್ಯ ಯಾತ್ರೆ ಬಸ್ಸಿನ ಡ್ರೈವರ್. ಎಂಬತ್ತನೇ ಇಸವಿಯ ಫೆಬ್ರವರಿಯಲ್ಲಿ, ಊರಿಗೆ ಊರೇ ಬಾಗಿಲು ಹಾಕಿಕೊಂಡು ಕೂತಿದ್ದ ದಿನ, ಕಾಲೇಜು ಮೇಷ್ಟ್ರುಗಳ ಗುಂಪೊಂದು ಗ್ರಹಣ ನೋಡಲು ರಾಯಚೂರಿಗೆ ಹೊರಟಿತ್ತು. ಸ್ಟೀರಿಂಗ್ ಹಿಡಿಯಲು ಯಾರೂ ಒಪ್ಪದಿದ್ದಾಗ ದೇವಯ್ಯ ಒಪ್ಪಿದರು. ಮನೆಯಲ್ಲಿ ಹೆಂಡತಿ ನಾರಾಯಣಮ್ಮ ತುಂಬು ಬಸುರಿ. ಹೊಟ್ಟೆಯಲ್ಲಿದ್ದದ್ದು ಭಾಗ್ಯ.

“ಕಿಟಕಿಗೆಲ್ಲ ಕಂಬ್ಳಿ ಹೊದಿಸಿ ನನ್ನ ಮೂಲೇಲಿ ಕೂರಿಸಿದ್ರು,” ಎಂದು ನಾರಾಯಣಮ್ಮ ನೆನೆಯುತ್ತಾರೆ. “ದಿನಾ ಒದ್ದು ಒದ್ದು ಸಾಯಿಸೋಳು, ಅವತ್ತು ಗ್ರಹಣ ಬಿಡೋವರ್ಗೂ ಒಂದ್ಸಲನೂ ಮಿಸುಕಾಡ್ಲಿಲ್ಲ. ಒಳಗೆ ಕೂತು ಏನೋ ಕೇಳಿಸ್ಕೊಳ್ತಿರೋ ಹಂಗೆ.”

“ಗಂಡನ್ನ ಗ್ರಹಣಕ್ಕೆ ಕಳಿಸಿದಾಳೆ, ಮಗೂಗೆ ಏನೋ ಒಂದು ಊನ ಆಗುತ್ತೆ ಅಂತ ವಠಾರದೋರು ಆಡ್ಕೊಂಡ್ರಂತೆ,” ಎನ್ನುತ್ತಾರೆ ಭಾಗ್ಯ. “ಊನ ಏನಾಗ್ಲಿಲ್ಲ. ಬಾಯಿ ಒಂದ್ ಜಾಸ್ತಿ ಆಯ್ತು.”

ಆ ಬಾಯಿಗೆ ಈಗ ಬಿಡುವಿಲ್ಲ. ವೀಸಾ, ಕೈರೋವರೆಗಿನ ವಿಮಾನ, ಅಲ್ಲಿಂದ ಲಕ್ಸರಿಗೆ ಮತ್ತೊಂದು ವಿಮಾನ, ಅಲ್ಲಿಂದ ಬಸ್ಸು. ಉರಿಬಿಸಿಲಲ್ಲಿ ಏಸಿ ನಿಲ್ಲದಂತೆ ಎಂಜಿನ್ ಓಡುತ್ತಿರಬೇಕು, ಆದರೆ ಕತ್ತಲಾಯಿತೆಂದು ಡ್ರೈವರ್ ಹೆಡ್‌ಲೈಟ್ ಹಾಕಬಾರದು. ಗಾಡಿಯ ಮೂತಿ ಯಾವಾಗಲೂ ವಾಪಸ್ ರಸ್ತೆಯ ಕಡೆಗಿರಬೇಕು. ಖಗ್ರಾಸದ ಜೊತೆಗೆ ಗ್ರಾಸದ ಚಿಂತೆಯೂ ಇವರದೇ. ಗ್ರಹಣಕ್ಕೆ ಮೊದಲು ಉಣ್ಣದವರು ಇಷ್ಟು ಜನ, ಬಿಟ್ಟ ಮೇಲೆ ಕ್ಷಣ ತಡೆಯದವರು ಇಷ್ಟು ಜನ. ಪುಳಿಯೋಗರೆ ಗೊಜ್ಜಿನ ಡಬ್ಬಿಗೆ ದರ್ಭೆ ಹಾಕಿದರೆ ವಿಮಾನ ನಿಲ್ದಾಣದಲ್ಲಿ ಹುಲ್ಲು ಎಂದು ಕಿತ್ತುಕೊಳ್ಳುತ್ತಾರೆಯೇ ಎಂದು ಒಬ್ಬರು ವಾರಕ್ಕೆರಡು ಸಲ ಫೋನ್ ಮಾಡುತ್ತಾರೆ.

ಎಲ್ಲಕ್ಕಿಂತ ಕಷ್ಟವಾದದ್ದು ನಿಲ್ಲುವ ಜಾಗ ಹುಡುಕುವುದು. ಲಕ್ಸರಿನ ಏಜೆಂಟ್ ಫೋನಿನಲ್ಲಿ ಆಸೆ ತೋರಿಸುತ್ತಾನೆ: “ಮೈ ಸಿಸ್ಟರ್, ನೈಲ್ ವ್ಯೂ! ಎವ್ರಿಬಡಿ ವಾಂಟ್ ನೈಲ್ ವ್ಯೂ!”

“ನೋ ನೈಲ್, ಬ್ರದರ್,” ಎಂದು ಭಾಗ್ಯ ಚಾಮರಾಜಪೇಟೆಯ ಇಂಗ್ಲಿಷಿನಲ್ಲಿ ಗುಡುಗುತ್ತಾರೆ. “ನೈಲ್ ಶುಡ್ ನಾಟ್ ಕಮ್ ಟು ಐಸ್. ಲೇಡೀಸ್ ವಾಕಿಂಗ್, ನೋ ನೈಲ್ ಕಮಿಂಗ್. ಅಂಡರ್‌ಸ್ಟ್ಯಾಂಡಾ?”

ಜಗತ್ತೆಲ್ಲ ನದಿಯ ದಂಡೆಗೆ ಮುಗಿಬೀಳುತ್ತಿರುವಾಗ ನದಿಯೇ ಕಾಣದ ಒಣ ಬಯಲನ್ನು ಕೇಳುವ ಗಿರಾಕಿ ಬಹುಶಃ ಇವರೊಬ್ಬರೇ. ಯಾಕೆ ಎಂದು ಕೇಳಿದರೆ ಭಾಗ್ಯ ಮೊದಲು ಬಾಗಿಲತ್ತ ನೋಡುತ್ತಾರೆ. ಆಮೇಲೆ ಕಾಶಿಯ ಕಥೆ ಹೇಳುತ್ತಾರೆ.

ಎರಡು ಸಾವಿರದ ಒಂಬತ್ತರ ಜುಲೈ. ತಂದೆ ತೀರಿಕೊಂಡ ಮೇಲೆ ಭಾಗ್ಯ ತಾವೇ ಹೊರಡಿಸಿದ ಮೊದಲ ದೊಡ್ಡ ಪ್ರವಾಸ ಅದು. ಕಾಶಿಯ ಎದುರು ದಡದಲ್ಲಿ, ಗಂಗೆಯಿಂದ ಸಾಕಷ್ಟು ಈಚೆಗೆ, ಹೊಲವೊಂದರ ಬದಿಯಲ್ಲಿ ಬಸ್ಸು ನಿಲ್ಲಿಸಿದ್ದರು. ಹುಟ್ಟಿ ಸ್ವಲ್ಪ ಹೊತ್ತಾಗಿದ್ದ ಸೂರ್ಯ ಮತ್ತೆ ಸಾಯತೊಡಗಿದ. ಗಾಳಿ ತಣ್ಣಗಾಯಿತು. ಹಕ್ಕಿಗಳು ಸದ್ದಡಗಿ ಮರ ಸೇರಿದವು. ಜನರ ಮುಖಗಳು ಹಳೆಯ ಸ್ಟೀಲ್ ಪಾತ್ರೆಯ ಬಣ್ಣಕ್ಕೆ ತಿರುಗಿದವು.

“ನಮ್ಮೋರೇ ಎಲ್ಲಾ, ಆದ್ರೆ ಯಾರದೂ ಗುರುತು ಹತ್ತಲ್ಲ. ಸತ್ತೋರನ್ನ ಸಾಲಾಗಿ ನಿಲ್ಸಿರೋ ಹಂಗೆ. ನಾನು ಬಸ್ ಬಾಗ್ಲಿಗೆ ಒರಗಿ ಮೇಲೆ ನೋಡ್ದೆ. ಸೂರ್ಯ ಇರೋ ಜಾಗ್ದಲ್ಲಿ ತೂತು. ಸುತ್ತ ಬಿಳೀ ಕೂದ್ಲು ಹಾರಾಡ್ತಿದೆ. ನಾನು ಅದನ್ನ ನೋಡ್ತಿದೀನಿ ಅನ್ನಿಸ್ಲಿಲ್ಲ ಸಾರ್. ಅದು ನನ್ನ ನೋಡ್ತಿದೆ ಅನ್ನಿಸ್ತು.”

ಬೆಳಕು ಮರಳಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಜಾನಕಮ್ಮ ಇರಲಿಲ್ಲ.

ಎಲ್ಲಿ ತಪ್ಪಾಯಿತೆಂದು ಭಾಗ್ಯ ಅವರಿಗೆ ಆ ಗಳಿಗೆಯಲ್ಲೇ ಹೊಳೆಯಿತಂತೆ. ಬಸ್ಸು, ಊಟ, ಕನ್ನಡಕ ಎಲ್ಲವನ್ನೂ ಯೋಚಿಸಿದ್ದರು, ಸ್ನಾನವನ್ನು ಮರೆತಿದ್ದರು. ಶಂಕರಪುರಂನ ಹೆಂಗಸನ್ನು ಗ್ರಹಣದ ಹೊತ್ತಿನಲ್ಲಿ ಮನೆಯಿಂದ ಹೊರಗೆ ತರಬಹುದು, ಸ್ನಾನದಿಂದ ಹೊರಗಿಡಲಾಗುವುದಿಲ್ಲ. ಅದೂ ಕಣ್ಣೆದುರಿಗೆ ಗಂಗೆಯಿರುವಾಗ. ಎಲ್ಲರೂ ಬಾಯಿ ತೆರೆದು ಆಕಾಶ ನೋಡುತ್ತಿದ್ದಾಗ ಜಾನಕಮ್ಮ ನದಿಯತ್ತ ನಡೆದಿದ್ದರು.

ಅಮರ್ ಓಡಿದ, ಭಾಗ್ಯ ಓಡಿದರು. ಜಾನಕಮ್ಮ ನೀರಿನ ಅಂಚಿನಲ್ಲಿ ನಿಂತಿದ್ದರು. ಮುಂದಿನ ಹೆಜ್ಜೆಗೆ ಆಳ. ಇವರನ್ನು ಕಂಡು ಅವರು ರೇಗಿದರು: “ಇಷ್ಟು ದೂರ ಕೈ ಹಿಡ್ಕೊಂಡು ಕರ್ಕೊಂಡು ಬಂದು, ನಡುನೀರಲ್ಲಿ ಬಿಟ್ಟಂಗೆ ಬಿಟ್ಟು ಎಲ್ಲಿಗೇ ಹೋದೆ?”

“ಯಾರಮ್ಮೋರೆ ಕರ್ಕೊಂಡು ಬಂದಿದ್ದು?”

“ಇನ್ಯಾರು? ನೀನೇ.”

ಭಾಗ್ಯ ಬಸ್ಸಿನ ಬಾಗಿಲು ಬಿಟ್ಟು ಕದಲಿರಲಿಲ್ಲ. ಅಮರ್ ಬಸ್ಸಿನ ಕನ್ನಡಿಯಲ್ಲಿ ಅವರನ್ನು ನೋಡುತ್ತಲೇ ಇದ್ದ. “ನಮ್ಮಕ್ಕ ಅಲ್ಲೇ ಇದ್ಳು. ತಾಯಾಣೆ,” ಎಂದು ಇಂದಿಗೂ ಹೇಳುತ್ತಾನೆ. ಆದರೆ ದಡದಲ್ಲಿದ್ದ ದೋಣಿಯವನು ಬೆರಳು ಮಡಿಸಿ ಎಣಿಸಿದ್ದು ಇಬ್ಬರನ್ನು. ಇಬ್ಬರು ಹೆಂಗಸರು ಇಳಿದು ಬಂದರು, ಒಬ್ಬಳು ನಿಂತಳು, ಇನ್ನೊಬ್ಬಳು ಎತ್ತ ಹೋದಳೋ ಕತ್ತಲಲ್ಲಿ ಕಾಣಲಿಲ್ಲ ಎಂದನಂತೆ.

ಇದನ್ನು ಹೇಳುವಾಗ ಭಾಗ್ಯ ನಗುವುದಿಲ್ಲ. ಬಿಡಿಸಿ ಹೇಳಲು ಪ್ರಯತ್ನವನ್ನೂ ಪಡುವುದಿಲ್ಲ. “ವಯಸ್ಸಾದೋರು, ಹೆದ್ರಿಕೆ, ಕತ್ಲು. ಏನು ಬೇಕಾದ್ರೂ ಅಂದ್ಕೋಬಹುದು. ಅದಾದ್ಮೇಲೆ ನಾನು ಹಗ್ಗ ತಂದೆ.” ಹಗ್ಗ, ತಾಲೀಮು, ನದಿಯಿಲ್ಲದ ಜಾಗ, ಬಸ್ಸಿನ ಡಿಕ್ಕಿಯಲ್ಲಿ ಸ್ನಾನಕ್ಕೆಂದು ನೀರಿನ ಕ್ಯಾನು ಮತ್ತು ಚೊಂಬು. ಹೀಗೆ ಇವರ ವ್ಯವಸ್ಥೆಯೆಲ್ಲ ಆ ಒಂದು ಬೆಳಗಿನ ಸುತ್ತ ಹುಟ್ಟಿಕೊಂಡದ್ದು.

ಇಷ್ಟಾದ ಮೇಲೂ ಜಾನಕಮ್ಮನಿಗೆ ಮತ್ತೆ ಹೊರಡುವ ಹಟ. ಕಳೆದ ತಿಂಗಳು ಮೆಟ್ಟಿಲ ಕೆಳಗಿನ ಆಫೀಸಿಗೆ ತಾವೇ ಆಟೋದಲ್ಲಿ ಬಂದಿಳಿದರು.

“ಅವತ್ತು ನಾನು ನೆಲ ನೋಡ್ಕೊಂಡು ನಡೆದೆ. ಮೇಲೆ ನೋಡ್ಲೇ ಇಲ್ಲ ಕಣೇ. ನಮ್ಮ ದೇಶಕ್ಕೆ ಇನ್ನು ಬರೋದು ಮೂವತ್ನಾಲ್ಕರಲ್ಲಂತೆ, ಅದೂ ಕಾಶ್ಮೀರದ ಕಡೆ. ಅಷ್ಟು ಹೊತ್ತಿಗೆ ನಂಗೇ ಗ್ರಹಣ ಹಿಡ್ದಿರುತ್ತೆ.”

“ಅಮ್ಮೋರೆ, ದೂರದ ದೇಶ…”

“ಅಲ್ಲೂ ಒಂದು ದೊಡ್ಡ ನದಿ ಇದೆಯಂತಲ್ಲ?” ಎಂದರಂತೆ ಜಾನಕಮ್ಮ, ಮೆತ್ತಗೆ.

ಭಾಗ್ಯ ಅವರಿಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಬೇಡ ಎಂದರೆ ಆ ಜೀವಕ್ಕೆ ಇನ್ನೊಂದು ಅವಕಾಶವಿಲ್ಲ. ಬನ್ನಿ ಎಂದು ಕರೆದೊಯ್ದು ಕತ್ತಲಲ್ಲಿ ಕಳೆದುಕೊಂಡರೆ ಮತ್ತೆಂದೂ ಗಾಡಿ ಹೊರಡಿಸುವ ಧೈರ್ಯವಿರುವುದಿಲ್ಲ. ತಾಲೀಮಿನಲ್ಲಿ ತೀರ್ಮಾನವಾಗಲಿ ಎಂದದ್ದು ಅದಕ್ಕೇ.

ಬಯಲಿನಲ್ಲಿ ಇನ್ನೂ ಎರಡನೆಯ ಸೀಟಿ ಆಗಿಲ್ಲ. ಆರು ನಿಮಿಷವೆಂದರೆ ಇಷ್ಟು ಉದ್ದವೆಂದು ಗಡಿಯಾರ ನೋಡುವವರಿಗೆ ತಿಳಿಯುವುದಿಲ್ಲ. ಕಣ್ಣು ಕಟ್ಟಿದ ಸಾಲು ಮೊದಮೊದಲು ಕೆಮ್ಮುತ್ತಿತ್ತು, ಈಗ ಕೆಮ್ಮುವುದನ್ನೂ ನಿಲ್ಲಿಸಿದೆ. ಒಬ್ಬರ ತುಟಿ ಮಂತ್ರಕ್ಕೆ ಅಲುಗುತ್ತಿದೆ. ಗಾಳಿಯಿಲ್ಲದಿದ್ದರೂ ಹಗ್ಗ ಸಣ್ಣಗೆ ನಡುಗುತ್ತಿದೆ. ತೀರಾ ತುದಿಯಲ್ಲಿ, ಕಂಬದ ಬಳಿ, ಅದು ಒಂದೇ ಸಲ ಜಗ್ಗಿದಂತಾಗಿ ಸುಮ್ಮನಾಗುತ್ತದೆ. ರಾಮಾನುಜ ಫ್ಲಾಸ್ಕ್ ಕೆಳಗಿಟ್ಟು ಎದ್ದು ನಿಲ್ಲುತ್ತಾರೆ.

ಸೀಟಿ.

ಕಣ್ಣಿನ ಬಟ್ಟೆಗಳು ಬಿಚ್ಚಿಕೊಳ್ಳುತ್ತವೆ, ಮಾತು ಒಮ್ಮೆಲೇ ಒಡೆದ ನಲ್ಲಿಯಂತೆ ಚಿಮ್ಮುತ್ತದೆ. ಹಗ್ಗವೆಂದು ಪಕ್ಕದವರ ಶಾಲನ್ನು ಹಿಡಿದಿದ್ದ ಹಿರಿಯರೊಬ್ಬರನ್ನು ಎಲ್ಲರೂ ಸೇರಿ ಗೇಲಿ ಮಾಡುತ್ತಿದ್ದಾರೆ. ಜಾನಕಮ್ಮ ಮಾತ್ರ ಕಣ್ಣಿನ ಬಟ್ಟೆ ತೆಗೆದಿಲ್ಲ. ಅವರ ಎಡಗೈ ಹಗ್ಗವನ್ನು ಬಿಗಿಯಾಗಿ ಹಿಡಿದಿದೆ. ಬಲಗೈ ಪಕ್ಕಕ್ಕೆ ಸ್ವಲ್ಪ ಚಾಚಿದೆ, ಬೆರಳುಗಳು ಮಡಿಸಿಕೊಂಡಿವೆ. ರಸ್ತೆ ದಾಟುವಾಗ ಜೊತೆಯವರ ಕೈ ಹಿಡಿದಿರುತ್ತಾರಲ್ಲ, ಹಾಗೆ.

ಭಾಗ್ಯ ಬಸ್ಸಿನ ಬಾಗಿಲಿನಿಂದ ಅಷ್ಟೂ ದೂರ ನಡೆದು ಬಂದು ಅವರ ಕಣ್ಣಿನ ಬಟ್ಟೆ ಬಿಚ್ಚುತ್ತಾರೆ.

“ಈ ಕೈ ಯಾಕಮ್ಮೋರೆ ಹಿಂಗಿಟ್ಕೊಂಡಿದೀರಾ?”

ಜಾನಕಮ್ಮ ತಮ್ಮ ಕೈಯನ್ನು, ಆಮೇಲೆ ಭಾಗ್ಯ ಅವರನ್ನು ನೋಡುತ್ತಾರೆ. “ನೀನೇ ಹಿಡ್ಕೊಂಡಿದ್ಯಲ್ಲೇ. ಈಗ ತಾನೇ ಬಿಟ್ಟೆ.”

“ನೋಡಿದ್ರಾ? ನೋಡಿದ್ರಾ ಭಾಗ್ಯ?” ರಾಮಾನುಜ ಮೆಟ್ಟಿಲಿನಿಂದ ಓಡಿ ಬರುತ್ತಾರೆ. “ಇದಕ್ಕೇ ನಾನು ಹೇಳಿದ್ದು. ಬೇಡ. ಅಮ್ಮ, ಮನೆಗೆ ನಡಿ.”

“ಹಗ್ಗ ಬಿಟ್ನೇನೋ ನಾನು?”

“ಬಿಟ್ಟಿಲ್ಲ, ಆದ್ರೆ…”

“ಬಿಟ್ಟಿಲ್ಲ ತಾನೇ? ಮಾತು ಅಂದ್ರೆ ಮಾತು.”

ಭಾಗ್ಯ ಜಾನಕಮ್ಮನ ಎರಡೂ ಕೈಗಳನ್ನು ಹಿಡಿದುಕೊಳ್ಳುತ್ತಾರೆ. ಹಗ್ಗ ಹಿಡಿದಿದ್ದ ಕೈ ಬೆಚ್ಚಗಿತ್ತಂತೆ. ಇನ್ನೊಂದು ಆಗ ತಾನೇ ನೀರಿನಿಂದ ತೆಗೆದಷ್ಟು ತಣ್ಣಗಿತ್ತಂತೆ. ಇದನ್ನು ಅವರು ಆಮೇಲೆ ಹೇಳಿದ್ದು. ಈಗಂತೂ ಆ ಬಲಗೈಯನ್ನು ತಮ್ಮ ಎರಡು ಅಂಗೈಗಳ ನಡುವೆ ಇಟ್ಟು ತಿಕ್ಕುತ್ತಾರೆ, ಬಹಳ ಹೊತ್ತು.

“ಅಮ್ಮೋರು ಬರ್ತಾರೆ, ಸಾರ್,” ಎಂದು ರಾಮಾನುಜರಿಗೆ ಹೇಳುತ್ತಾರೆ. “ಅಲ್ಲಿ ಈ ಬಲಗೈ ನಂದು. ಕತ್ಲಾಗೋಕೆ ಮುಂಚೆ ಹಿಡಿದ್ರೆ ಬೆಳಕಾಗೋವರ್ಗೂ ಬಿಡಲ್ಲ. ಖಾಲಿ ಇದ್ರೆ ತಾನೇ ಬೇರೆಯೋರು ಬಂದು ಹಿಡಿಯೋದು?”

ರಾಮಾನುಜ ಮೆಟ್ಟಿಲಿಗೆ ಹೋಗಿ ಫ್ಲಾಸ್ಕ್ ತರುತ್ತಾರೆ. ಅದರ ಮುಚ್ಚಳಕ್ಕೆ ಕಾಫಿ ಬಗ್ಗಿಸಿ ಮೊದಲು ತಾಯಿಗೆ, ಆಮೇಲೆ ಭಾಗ್ಯ ಅವರಿಗೆ ಕೊಡುತ್ತಾರೆ.

ಹಾಗಾದರೆ ಈ ಸಲ ನೀವು ಆಕಾಶ ನೋಡುವುದಿಲ್ಲವೇ ಎಂಬ ಪ್ರಶ್ನೆಗೆ ಭಾಗ್ಯ ಕಾಫಿ ಊದುತ್ತ ಉತ್ತರಿಸುತ್ತಾರೆ. “ಅಮ್ಮೋರು ಅದನ್ನ ನೋಡ್ಲಿ. ನಾನು ಅಮ್ಮೋರನ್ನ ನೋಡ್ಕೋತೀನಿ.”

ಬೀದಿಗೆ ಬಿಸಿಲು ಬಂದಿದೆ. ಜನ ಒಬ್ಬೊಬ್ಬರಾಗಿ ತಿಂಡಿಗೆ ಹೊರಡುತ್ತಿದ್ದಾರೆ. ಪತ್ರಿಕೆಯಲ್ಲಿ ಏನು ಬರೆಯಬೇಕೆಂದು ಕೇಳಿದರೆ ಭಾಗ್ಯ ನಾಚಿಕೊಳ್ಳುತ್ತಾರೆ. ಬರೆಯುವಂಥದ್ದೇನಿಲ್ಲ ಎನ್ನುತ್ತಾರೆ. ಆಮೇಲೆ ಬಸ್ಸು ಹತ್ತಲು ಹೋಗಿ, ಒಂದು ಕಾಲು ಮೆಟ್ಟಿಲ ಮೇಲಿಟ್ಟುಕೊಂಡೇ ತಿರುಗಿ ಹೇಳುತ್ತಾರೆ.

“ಕರ್ಕೊಂಡು ಹೋದೋರಲ್ಲಿ ಒಬ್ರನ್ನೂ ಬಿಟ್ಟು ಬಂದಿಲ್ಲ ಈ ಭಾಗ್ಯ ಅಂತ ಬರೀರಿ, ಸಾಕು. ಕರೀದೇನೇ ಜೊತೇಲಿ ಬಂದೋರು ಇದ್ರೆ, ಅವ್ರ ಜವಾಬ್ದಾರಿ ನಂದಲ್ಲ.”