ಹತ್ತು ಗುಂಡಿಯ ಬೀಗ

ಕರೆಂಟಿನ ಕೆಲಸದ ಮಶಾಕಸಾಬನ ಸಿಟ್ಟಿನ ಬಗ್ಗೆ ಜೋರಾಪುರ ಪೇಟೆಯಲ್ಲಿ ಒಬ್ಬೊಬ್ಬರು ಒಂದೊಂದು ಕಥೆ ಹೇಳುತ್ತಿದ್ದರು. ತಂತಿಗೆ ಟೇಪು ಸುತ್ತದೆ ಹಾಗೇ ಬಿಟ್ಟವರನ್ನು ಅವರ ಮನೆಯ ಮೀಟರಿನ ಮುಂದೆಯೇ ನಿಲ್ಲಿಸಿ ಬೈದವನು ಅವನು. 'ಸಣ್ಣ ಮಕ್ಕಳು ಓಡಾಡೋ ಮನೀರಿ ಇದು, ಕಣ್ಣ ಕಾಣಸ್ತಾವಿಲ್ಲ?' ಎಂದು ಯಜಮಾನನ ಮುಖಕ್ಕೆ ಹೊಡೆದ ಹಾಗೆ ಕೇಳುತ್ತಿದ್ದ. ಆದರೂ ಜನ ಮತ್ತೆ ಅವನನ್ನೇ ಕರೆಯುತ್ತಿದ್ದರು, ಅವನು ಮಾಡಿದ ಕೆಲಸ ಕೆಡುತ್ತಿರಲಿಲ್ಲ. ಹುಟ್ಟಿದ್ದು ಬಬಲೇಶ್ವರದಲ್ಲಿ. ಮೋಟಾರು ಬಿಚ್ಚಿ ತಂತಿ ಸುತ್ತುವುದನ್ನು ಕಲಿತಿದ್ದು ತಿಕೋಟಾದ ಹಿಟ್ಟಿನ ಗಿರಣಿಯಲ್ಲಿ. ಬಿಜಾಪುರಕ್ಕೆ ಬಂದು ಹದಿನೈದು ವರ್ಷವಾಗಿತ್ತು. ಮನೆಯ ಕೀಲಿ ಅವನ ಕೈಗೆ ಕೊಟ್ಟು, ಬಂಧುಬಳಗದ ಮದುವೆಗೆ ಹೋಗಿಬಿಡುವ ಮಂದಿ ಪೇಟೆಯಲ್ಲಿ ಹತ್ತು ಮನೆಯವರಾದರೂ ಇದ್ದರು. ಅವನಿಗಿದ್ದ ಆಸ್ತಿ ಆ ನಂಬಿಕೆಯೊಂದೇ.

ಅದಕ್ಕೆ ಕುತ್ತು ಬಂದದ್ದು ೧೯೭೭ರ ಬೇಸಿಗೆಯಲ್ಲಿ, ಬಸಗೊಂಡಪ್ಪ ಸಾಹುಕಾರರ ಹುಕಿಯಿಂದ. ಸಾಹುಕಾರರದು ನೀರೆತ್ತುವ ಪಂಪು, ಮೋಟಾರು, ತಾಮ್ರದ ತಂತಿಯ ವ್ಯಾಪಾರ. ಅಂಗಡಿಯ ಹಿಂದಿನ ಓಣಿಯಲ್ಲಿ ಗೋದಾಮು. ಮುಂಬಯಿಗೆ ಹೋದಾಗ ಯಾವುದೋ ಕಚೇರಿಯಲ್ಲಿ ನಂಬರು ಒತ್ತಿದರೆ ತೆರೆಯುವ ಬಾಗಿಲು ನೋಡಿಬಂದಿದ್ದರು. ನಮ್ಮ ಗೋದಾಮಿಗೂ ಅಂಥದ್ದೇ ಬೇಕು, ಕಳ್ಳ ಕೈ ಹಚ್ಚಿದರೆ ಗಂಟೆ ಹೊಡೆಯಬೇಕು ಎಂದು ಹಟ ಹಿಡಿದರು.

ಅಂಥ ಬೀಗ ಬಿಜಾಪುರದಲ್ಲಿ ಎಲ್ಲಿ ಸಿಗಬೇಕು? ಮಶಾಕಸಾಬ ತಾನೇ ಮಾಡಿದ. ಮನೆಗಳ ಕರೆಗಂಟೆಗೆ ಹಚ್ಚುವ ಕಪ್ಪು ಗುಂಡಿ ಹತ್ತು ತಂದು, ಹಲಗೆಯ ಮೇಲೆ ಸಾಲಾಗಿ ಕೂರಿಸಿ, ಒಂದೊಂದರ ಕೆಳಗೂ ಅಂಕಿ ಬರೆದ. ಸಾಹುಕಾರರು ಆರಿಸಿದ ನಾಲ್ಕು ಗುಂಡಿಗಳನ್ನು ಒಂದೇ ಸರಪಳಿಯ ಹಾಗೆ ಜೋಡಿಸಿದ. ಆ ನಾಲ್ಕನ್ನೂ ಒಟ್ಟಿಗೆ ಒತ್ತಿದರೆ ಬ್ಯಾಟರಿಯ ಕರೆಂಟು ಹರಿದು ಒಳಗಿನ ಚಿಲಕ ಸರಿಯುತ್ತಿತ್ತು. ಉಳಿದ ಆರರಲ್ಲಿ ಯಾವುದನ್ನು ಒತ್ತಿದರೂ ಅಂಗಡಿಯ ಮಾಳಿಗೆಯ ಮೇಲಿನ ಗಂಟೆ ಇಡೀ ಪೇಟೆಗೆ ಕೇಳುವಂತೆ ಬಡಿದುಕೊಳ್ಳುತ್ತಿತ್ತು. ಬಾಗಿಲನ್ನು ಮೀಟಿದರೂ ಅಷ್ಟೇ. ಒಂದಾದ ಮೇಲೊಂದು ಒತ್ತುವ ಹಾಗೆ ಮಾಡುವ ಆಸೆ ಅವನಿಗಿತ್ತು, ಅದಕ್ಕೆ ಬೇಕಾದ ಸಾಮಾನು ಸೊಲ್ಲಾಪುರದಲ್ಲೂ ಸಿಗಲಿಲ್ಲ. ಸಾಹುಕಾರರು ನಾಲ್ಕು ಗುಂಡಿ ಒಟ್ಟಿಗೆ ಒತ್ತುವುದನ್ನು ಓಣಿಯ ಮಂದಿ ದೂರದಿಂದ ನೋಡಿದ್ದರು, ಆದರೆ ಆ ನಾಲ್ಕರ ನಂಬರು ಗೊತ್ತಿದ್ದದ್ದು ಇಬ್ಬರಿಗೆ, ಸಾಹುಕಾರರಿಗೆ ಮತ್ತು ತಂತಿ ಜೋಡಿಸಿದ ಅವನಿಗೆ.

ಬೀಗ ಕೂರಿಸಿದ ಎರಡನೆಯ ವಾರ, ಸೋಮವಾರ ಮಧ್ಯಾಹ್ನ, ಸಾಹುಕಾರರು ಗೋದಾಮು ಮುಚ್ಚಿ ಊಟಕ್ಕೆ ಹೋಗಿ ಒಂದು ನಿದ್ದೆ ತೆಗೆದು ಬರುವುದರೊಳಗೆ ಆರು ಸುರುಳಿ ತಾಮ್ರದ ತಂತಿ ಮಾಯವಾಗಿತ್ತು. ಬಾಗಿಲಿಗೆ ಒಂದು ಗೀರಿಲ್ಲ, ಗಂಟೆ ಹೊಡೆದಿಲ್ಲ.

ಸಂಜೆ ಐದಕ್ಕೆ ಸಾಹುಕಾರರು ಪೇಟೆಯ ನಾಲ್ಕು ಮಂದಿಯನ್ನು ಕಟ್ಟಿಕೊಂಡು ಮಶಾಕಸಾಬನ ಮನೆ ಬಾಗಿಲಿಗೆ ಬಂದರು. 'ಪೊಲೀಸರಿಗೆ ಹೇಳಿಲ್ಲ ನೋಡು, ನೀ ನಮ್ಮವ ಅಂತ' ಅಂದರು. ನಮ್ಮವ ಅಂದವರೇ ಒಳಗೆ ನುಗ್ಗಿ ಕಾಳಿನ ಡಬ್ಬಿ ಸುರುವಿದರು, ಕೌದಿ ಝಾಡಿಸಿದರು. ಅವನ ಹೆಂಡತಿ ಚಾಂದಬಿಯ ಟ್ರಂಕನ್ನು ಓಣಿಗೆ ಎಳೆದು, ಅವಳ ಮದುವೆಯ ಸೀರೆಯನ್ನು ಎಲ್ಲರೆದುರು ಬಿಚ್ಚಿ ಕೊಡವಿದರು. ಏನೂ ಸಿಗಲಿಲ್ಲ. ಸಿಗದಿದ್ದುದಕ್ಕೆ ಅವರ ಮುಖದಲ್ಲಿ ನಾಚಿಕೆಯೂ ಕಾಣಲಿಲ್ಲ, ಎಲ್ಲೋ ದಾಟಿಸಿದ್ದಾನೆ ಅನ್ನುವ ಹಾಗೆ ನೋಡಿ ಹೋದರು.

ಎಂಥೆಂಥ ಸಣ್ಣ ಮಾತಿಗೆ ಕೂಗಾಡುವ ಮನುಷ್ಯ ಆವತ್ತು ಬಾಯಿ ತೆರೆಯಲಿಲ್ಲ. ಚಾಂದಬಿ ಸೀರೆ ಮಡಿಚುತ್ತ, 'ಬಬಲೇಶ್ವರಕ್ಕ ಹೋಗಿಬಿಡೂಣು ನಡೀರಿ' ಅಂದಳು.

'ಈಗ ಹೋದ್ರ ಕಳ್ಳ ಆಗಿ ಹೋಗ್ತೇನಿ' ಅಂದ.

ಮರುದಿನ ಬೆಳಿಗ್ಗೆ ಸೀದಾ ಗೋದಾಮಿನ ಬಾಗಿಲಿಗೆ ಹೋಗಿ ನಿಂತ. ಹಲಗೆ ನೋಡಿದ. ನೋಡಿದವನೇ ಹಣೆ ಹಣೆ ಬಡಿದುಕೊಂಡ. ಹತ್ತು ಕಪ್ಪು ಗುಂಡಿಗಳಲ್ಲಿ ಆರರ ಮೇಲೆ ಬೆಳ್ಳಗೆ ವಿಭೂತಿ ಒಣಗಿತ್ತು. ನಾಲ್ಕು ಗುಂಡಿ ಮಾತ್ರ, ಒತ್ತಿದ ಬೆರಳಿಗೆ ವಿಭೂತಿ ಅಳಿಸಿಹೋಗಿ, ಕರ್ರಗೆ ಹೊಳೆಯುತ್ತಿದ್ದವು.

'ಸಾವಕಾರ್ರ! ಹೊರಗ ಬರ್ರಿ!' ಎಂದು ಅವನು ಕೂಗಿದ್ದು ಪೇಟೆಯ ಆಚೆ ತುದಿಗೂ ಕೇಳಿಸಿತು. ಅಂಗಡಿಯ ಮಂದಿಯೆಲ್ಲ ಬಂದರು. ಸಾಹುಕಾರರ ತಾಯಿ ಗುರುಬಸವ್ವನೂ ಬಂದಳು.

'ಇದಕ್ಕ ವಿಭೂತಿ ಹಚ್ಚಿದವರು ಯಾರು?'

'ನಾನ ಹಚ್ಚೇನೋ ತಮ್ಮಾ,' ಅಂದಳು ಗುರುಬಸವ್ವ. 'ಸೋಮವಾರಕ್ಕೊಮ್ಮೆ ಹಳೀ ಕೀಲಿಗೂ ಹಚ್ಚತಿದ್ನಿ. ಇದಕ್ಕ ಹತ್ತು ಅದಾವಲ್ಲ, ನಿನ್ನೆ ಮುಂಜಾನೆ ಹತ್ತಕ್ಕೂ ಹಗೂರಕ ಹಚ್ಚಿದ್ನಿ.'

ಓಣಿಯಲ್ಲಿ ಮಜ್ಜಿಗೆ ಮಾರುವ ಲಕ್ಕವ್ವ ಗಡಿಗೆ ಹೊತ್ತು ಹೊರಟಿದ್ದಳು. ಮಶಾಕಸಾಬ ಅವಳನ್ನು ತಡೆದು ಗಡಿಗೆ ಇಳಿಸಿದ. 'ಯಕ್ಕಾ, ಈ ಬೀಗಾ ಹೆಂಗ ತಗೀತಾರ ಗೊತ್ತೈತೇನು?'

'ನನಗೇನ ಗೊತ್ತೋ ಯಪ್ಪಾ, ಇದನ್ನ ಹತ್ರದಿಂದ ಇವತ್ತ ನೋಡಾಕತ್ತೇನಿ.'

'ವಿಭೂತಿ ಅಳಿಸಿದ್ದು ಯಾವ ಯಾವು ಅದಾವು, ಅವನ್ನ ಎಲ್ಲಾ ಕೂಡೇ ಒತ್ತು.'

ಕರೆಂಟು ಹೊಡೆಯುತ್ತದೆಯೇನೋ ಎಂದು ಅವಳು ಹಿಂದೆ ಮುಂದೆ ನೋಡಿದಳು. ಆಮೇಲೆ ಎರಡೂ ಕೈಯಿಂದ ನಾಲ್ಕನ್ನೂ ಅದುಮಿದಳು. ಒಳಗೆ ಖಟ್ ಎಂದು ಚಿಲಕ ಸರಿದು ಬಾಗಿಲು ತೆರೆಯಿತು. ಗಂಟೆ ಸುಮ್ಮನಿತ್ತು.

'ನೋಡಿದ್ರೇನು? ನಿನ್ನೆ ಮಧ್ಯಾಹ್ನ ಈ ಓಣ್ಯಾಗ ಹಾದು ಹೋದವರೆಲ್ಲರಿಗೂ ನಿಮ್ಮ ನಂಬರ ಗೊತ್ತಿತ್ತು! ಹೋಗ್ರಿ, ಎಲ್ಲಾರ ಹೆಂಡ್ರ ಟ್ರಂಕ ಎಳದು ತರ್ರಿ!'

ಹಿಂದಿನ ಸಂಜೆ ಸೀರೆ ಕೊಡವಿದವರು ಒಬ್ಬರ ಹಿಂದೆ ಒಬ್ಬರು ಸರಿದರು. ಗುರುಬಸವ್ವ ಹೊಸ್ತಿಲ ಮೇಲೆ ಕುಸಿದು, 'ನನ್ನ ಕೈಯಿಂದ ಆತೇನೋ ಯಪ್ಪಾ' ಎಂದು ಅತ್ತಳು. ಅವಳ ಮೇಲೆ ಅವನಿಗೆ ಸಿಟ್ಟು ಬರಲಿಲ್ಲ.

'ನಿಮ್ಮದೇನ ತಪ್ಪಿಲ್ಲರಿ ಅವ್ವಾರ. ಕೀಲಿಗೆ ವಿಭೂತಿ ಹಚ್ಚೂ ಮಂದಿಗೆ ಬೀಗಾ ಮಾಡಾಕತ್ತೇನಿ ಅನ್ನೂದು ನನಗ ತಿಳೀಬೇಕಾಗಿತ್ತು.'

ಸಾಹುಕಾರರು ಗಂಟಲು ಸರಿಮಾಡಿಕೊಂಡರು. 'ಇರ್ಲಿ ಬಿಡು ಮಶಾಕ, ಆಗಿದ್ದು ಆತು. ಮನಸಿಗೆ ಹಚ್ಚಿಕೋಬ್ಯಾಡ. ಇವತ್ತ ನಂಬರ ಬದಲಿ ಮಾಡಿಬಿಡು.'

ತಪ್ಪಾಯಿತು ಅನ್ನುವ ಒಂದು ಮಾತು ಈ ಮನುಷ್ಯನ ಬಾಯಿಂದ ಹೊರಡಲಾರದು ಎಂದು ಮಶಾಕಸಾಬನಿಗೆ ತಿಳಿಯಿತು. ಅವನು ಒಳಗೆ ಹೋಗಿ ಹಲಗೆಯ ಹಿಂದಿನ ಪೆಟ್ಟಿಗೆ ತೆರೆದ, ಹತ್ತೂ ತಂತಿ ಬಿಚ್ಚಿದ. ಯಾವುದು ಸರಪಳಿಗೆ, ಯಾವುದು ಗಂಟೆಗೆ ಅನ್ನುವುದನ್ನು ಒಮ್ಮೆ ತೋರಿಸಿ, ಸ್ಕ್ರೂಡ್ರೈವರನ್ನು ಸಾಹುಕಾರರ ಕೈಗಿಟ್ಟ.

'ಬೇಕಾದ ನಾಕು ನೀವ ಆರಿಸಿ, ನೀವ ಜೋಡಸ್ರಿ. ನಾ ನೋಡೂದಿಲ್ಲ.'

ಓಣಿಗೆ ಬಂದು ಬಾಗಿಲಿಗೆ ಬೆನ್ನು ಮಾಡಿ ಬಿಸಿಲಲ್ಲಿ ನಿಂತ. ಸಾಹುಕಾರರು ತಂತಿ ಜೋಡಿಸಿ, ಹೊರಗೆ ಬಂದು ಗುಂಡಿ ಒತ್ತಿದರೆ ಮೊದಲ ಸಲ ಗಂಟೆ ಬಡಿದುಕೊಂಡಿತು. ಎರಡನೆಯ ಸಲವೂ ಬಡಿದುಕೊಂಡಿತು. 'ಬಾರೋ ಮಶಾಕ, ನನ್ನ ಕೈಲೆ ನೀಗೂದಿಲ್ಲ' ಎಂದು ಸಾಹುಕಾರರು ಒಳಗಿನಿಂದ ಕರೆದರು. ಅವನು ತಿರುಗಲಿಲ್ಲ. ಅಂಗಿ ಬೆವರಿಗೆ ಬೆನ್ನಿಗಂಟಿತು. ಪೇಟೆಯ ಮಂದಿ ಅಂಗಡಿಯ ಕಟ್ಟೆಗಳ ಮೇಲೆ ಕೂತು ನೋಡಿದರು. ಮಧ್ಯಾಹ್ನ ಒಂದರ ಸುಮಾರಿಗೆ ಚಿಲಕ ಸರಿದ ಸದ್ದು ಕೇಳಿಸಿತು.

ಸಾಹುಕಾರರು ಕೈ ಒರೆಸಿಕೊಳ್ಳುತ್ತ ಅವನ ಬಳಿಗೆ ಬಂದರು. ಅವರ ದನಿ ಮೆತ್ತಗಾಗಿತ್ತು. 'ಬಾ ಇಲ್ಲೆ, ನಂಬರ ನಿನಗೂ ಹೇಳ್ತೇನಿ. ನಾ ಮರತ್ರ ನಿನಗರ ನೆನಪಿರಲಿ.'

ಮಶಾಕಸಾಬ ಎರಡೂ ಕಿವಿಗೆ ಅಂಗೈ ಒತ್ತಿಕೊಂಡ.

'ಮರತ್ರ ಬಾಗಿಲಾ ಒಡೀರಿ,' ಅಂದು ಮನೆಯ ಕಡೆ ನಡೆದ.